ದಿನಾ ನೀರು ಕುಡಿದು ಕೊಳೆತ ಝಡ್‌ಝಡ್: ಒಂದು ಆಫ್ರಿಕನ್ ಕೆಸುವಿನ ಪ್ರಕರಣ ಅಧ್ಯಯನ

ಕೆಸುವಿನ ಕುಟುಂಬ ಅಂದರೆ ನಮಗೆ ಮೊದಲು ನೆನಪಾಗುವುದು ನೀರು. ಬಚ್ಚಲ ನೀರು ಹರಿಯುವ ಜಾಗದಲ್ಲಿ ಕೆಸು. ಕೆರೆಯ ಮೇಲೆ ಅಂತರಗಂಗೆ. ಮಲೆನಾಡಿನ ಮಳೆಯಲ್ಲಿ ಮರದ ಕವಲಿನಲ್ಲಿ ಚಿಗುರುವ ಮರಕೆಸು. ಬಾಟಲಿ ನೀರಿನಲ್ಲೇ ವರ್ಷಗಟ್ಟಲೆ ಇರುವ ಮನಿಪ್ಲಾಂಟ್ ಕೂಡ ಇದೇ ಕುಟುಂಬದ್ದು. ಜಗತ್ತಿನಲ್ಲಿ ಈ ಕುಟುಂಬದ 3,500ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ತೇವ ತುಂಬಿದ ಉಷ್ಣವಲಯದಲ್ಲೇ ಇವೆ.

ಇವುಗಳ ನಡುವೆ ಒಂದು ಗಿಡ ಪೂರ್ವ ಆಫ್ರಿಕಾದ ಒಣ ನೆಲದಲ್ಲಿ ಬೇರೆ ದಾರಿ ಹಿಡಿದಿದೆ. ಅದರ ಹೆಸರು ಜಾಮಿಯೋಕಲ್ಕಸ್ ಜಾಮಿಫೋಲಿಯಾ. ನರ್ಸರಿಯವರು ಝಡ್‌ಝಡ್ ಪ್ಲಾಂಟ್ ಅಂತ ಕೊಡುತ್ತಾರೆ. ಇವತ್ತು ಬೆಂಗಳೂರು, ಮೈಸೂರಿನ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಮನೆಯ ಹಾಲ್‌ಗಳಲ್ಲಿ ಕಾಣುವ ಗಿಡ. ಕಡುಹಸಿರು, ಹೊಳಪು, ಧೂಳು ಒರೆಸಿದರೆ ಪ್ಲಾಸ್ಟಿಕ್ ಗಿಡವೇನೋ ಅನ್ನಿಸುವಷ್ಟು ಅಚ್ಚುಕಟ್ಟು. ಇದನ್ನು ಸಾಯಿಸುವುದೇ ಕಷ್ಟ ಅಂತಾರೆ. ಆದರೂ ಸಾಯುತ್ತದೆ. ಹೆಚ್ಚಾಗಿ ಸಾಯುವುದು ನೀರಿನಿಂದಲೇ.

ನಾನು ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಕುಂಡದ ಪ್ರಕರಣ. ಆದರೆ ಕುಂಡದಲ್ಲಿ ಏನಾಯಿತು ಅನ್ನುವುದಕ್ಕಿಂತ ಯಾಕಾಯಿತು ಅನ್ನುವುದು ಮುಖ್ಯ. ಅದಕ್ಕೆ ಗಿಡದ ಮೈಯನ್ನು ಬುಡದಿಂದ ತುದಿಯವರೆಗೆ ಓದಬೇಕು. ಈ ಗಿಡದ ಸಸ್ಯಶಾಸ್ತ್ರೀಯ ವಿವರಣೆಯೇ ಅದನ್ನು ಸಾಕುವ ಕೈಪಿಡಿ ಅಂತ ನಾನು ನಂಬುತ್ತೇನೆ. ಒಂದೊಂದು ಅಂಗವೂ ಒಣಗಾಲಕ್ಕೆ ಕೊಟ್ಟ ಒಂದೊಂದು ಉತ್ತರ.

ಕುಂಡ

ಗಿಡ ನಮ್ಮ ಪಕ್ಕದ ಮನೆಯವರದು. ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಹೊಳೆಯುವ ಬಿಳಿ ಪಿಂಗಾಣಿ ಕುಂಡ, ತಳದಲ್ಲಿ ತೂತಿಲ್ಲ. ಒಳಗೆ ತುಂಬಿದ್ದು ಪೂರ್ತಿ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಇಟ್ಟಿದ್ದು ಹಾಲ್‌ನಲ್ಲಿ ಟೀವಿ ಪಕ್ಕದ ಮೂಲೆ. ಅಲ್ಲಿಗೆ ಬೆಳಕು ಬರುವುದೇ ಕಡಿಮೆ.

ಬಹಳ ದಿನ ಗಿಡ ಚೆನ್ನಾಗಿಯೇ ಇತ್ತು. ಆಮೇಲೆ ಒಂದು ಕೋಲಿನ ಎಲೆಗಳು ಕೆಳಗಿನಿಂದ ಹಳದಿಯಾದವು. ನಂತರ ಇನ್ನೊಂದು. ಒಂದು ದಿನ ಉದ್ದನೆಯ ಕೋಲು ಇಡಿಯಾಗಿ ಬಾಗಿ ಟೀವಿ ಸ್ಟ್ಯಾಂಡಿನ ಮೇಲೆ ಒರಗಿತು. ಆಗ ನನ್ನನ್ನು ಕರೆದರು.

"ನೋಡಪ್ಪಾ, ದಿನಾ ತಪ್ಪದೇ ಒಂದು ಲೋಟ ನೀರು ಹಾಕ್ತೀನಿ. ಹಳದಿ ಆಯ್ತು ಅಂತ ಇನ್ನೊಂದು ಲೋಟ ಜಾಸ್ತಿ ಹಾಕ್ದೆ. ಆದ್ರೂ ಹೀಗಾಯ್ತಲ್ಲ."

"ಆಂಟಿ, ಮೊದಲು ಗಿಡ ಕಿತ್ತು ನೋಡೋಣ. ಎಲೆ ನೋಡಿದ್ರೆ ಗೊತ್ತಾಗಲ್ಲ, ಕೆಳಗೆ ನೋಡ್ಬೇಕು."

ಹಳೇ ಪೇಪರ್ ಹಾಸಿ ಕುಂಡ ಮಗುಚಿದೆವು. ಕೊಕೊಪೀಟ್ ಹಿಂಡಿದರೆ ನೀರು ಸುರಿಯುತ್ತಿತ್ತು. ಕೆಟ್ಟ ವಾಸನೆ. ಗಡ್ಡೆಗಳಲ್ಲಿ ಒಂದೆರಡು ಕಂದು ಬಣ್ಣಕ್ಕೆ ತಿರುಗಿ, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಉಳಿದವು ಇನ್ನೂ ಗಟ್ಟಿಯಾಗಿದ್ದವು. ಅಷ್ಟು ಕೊಳೆತಿದ್ದರೂ ಮೇಲಿನ ಅರ್ಧಕ್ಕರ್ಧ ಎಲೆಗಳು ಹಸಿರಾಗಿ, ಹೊಳೆಯುತ್ತಲೇ ಇದ್ದವು. ಈ ಪ್ರಕರಣದಲ್ಲಿ ನಾನು ಹಿಡಿದುಕೊಂಡ ಎಳೆ ಇದೇ. ಬುಡ ಕೊಳೆತ ಮೇಲೂ ಎಲೆ ಹಸಿರಾಗಿರುವುದು ಹೇಗೆ?

ಗಿಡದ ತವರು

ಉತ್ತರಕ್ಕೆ ಮೊದಲು ತವರಿಗೆ ಹೋಗಬೇಕು. ಜಾಮಿಯೋಕಲ್ಕಸ್ ಆಫ್ರಿಕಾದ ಪೂರ್ವ ಬದಿಯ ಗಿಡ. ಉತ್ತರದಲ್ಲಿ ಕೆನ್ಯಾ. ಅಲ್ಲಿಂದ ತಾಂಜಾನಿಯ, ಜಾಂಜಿಬಾರ್, ಮಲಾವಿ, ಮೊಜಾಂಬಿಕ್, ಜಿಂಬಾಬ್ವೆ ದಾಟಿ ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದ ಕ್ವಾಜುಲು-ನಟಾಲ್‌ವರೆಗೆ ಹರಡಿದೆ. ಬೆಳೆಯುವುದು ತಗ್ಗು ಪ್ರದೇಶದ ಕಾಡಿನ ನೆಲದಲ್ಲಿ, ಕುರುಚಲು ಕಾಡಿನಲ್ಲಿ, ಒಣ ಹುಲ್ಲುಗಾವಲಿನಲ್ಲಿ. ಕಲ್ಲು ಬಂಡೆಗಳ ನಡುವೆ, ಅರೆ ನೆರಳು ಇರುವ ಕಡೆ ಹೆಚ್ಚು.

ಕೆನ್ಯಾ ಮತ್ತು ಉತ್ತರ ತಾಂಜಾನಿಯದ ಕರಾವಳಿಯಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅದನ್ನು ಸ್ವಾಹಿಲಿಯಲ್ಲಿ ಮಸಿಕಾ ಅನ್ನುತ್ತಾರೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ, ವೂಲಿ. ಈ ಎರಡರ ನಡುವೆ ಒಣಗಾಲ. ದಕ್ಷಿಣಕ್ಕೆ ಹೋದಂತೆ ಮಳೆಗಾಲ ಒಂದೇ ಆಗುತ್ತದೆ, ಒಣಗಾಲ ಇನ್ನೂ ಉದ್ದವಾಗುತ್ತದೆ. ಕಲ್ಲುನೆಲದಲ್ಲಿ ಮಳೆ ಬಂದಾಗಲೂ ನೀರು ನಿಲ್ಲುವುದಿಲ್ಲ. ಬೇರಿನ ಸುತ್ತ ಬೇಗ ಇಳಿದು ಹೋಗುತ್ತದೆ. ಅಂದರೆ ಈ ಗಿಡದ ಬೇರುಗಳಿಗೆ ನೀರು ಕೆಲವು ದಿನ ಸಿಗುತ್ತದೆ, ಗಾಳಿ ಯಾವಾಗಲೂ ಸಿಗುತ್ತದೆ. ತೂತಿಲ್ಲದ ಪಿಂಗಾಣಿ ಕುಂಡದಲ್ಲಿ ಆಗಿದ್ದು ಇದರ ನೇರ ವಿರುದ್ಧ. ನೀರು ಯಾವಾಗಲೂ ಇತ್ತು, ಗಾಳಿ ಇರಲೇ ಇಲ್ಲ.

ಬುಡದಿಂದ ಮೇಲಕ್ಕೆ

ಮಣ್ಣಿನ ಕೆಳಗಿರುವುದು ದಪ್ಪನೆಯ, ಮೋಟಾದ ಗಡ್ಡೆಕಾಂಡ. ನೋಡಲು ಆಲೂಗಡ್ಡೆಯ ಹಾಗೆ. ಈ ಗಿಡದ ನಿಜವಾದ ಕಾಂಡ ಇದೊಂದೇ. ಅಡ್ಡಡ್ಡ ಬೆಳೆಯುತ್ತದೆ, ಕವಲೊಡೆಯುತ್ತದೆ, ನೀರನ್ನೂ ಪಿಷ್ಟವನ್ನೂ ಕೂಡಿಡುತ್ತದೆ. ಇದರಿಂದ ಬಿಳಿಯ, ತಿರುಳಿರುವ ಬೇರುಗಳು ಹೊರಡುತ್ತವೆ. ಚೆನ್ನಾಗಿ ಬೆಳೆದ ಗಿಡದಲ್ಲಿ ಗಡ್ಡೆಗಳು ಪ್ಲಾಸ್ಟಿಕ್ ಕುಂಡವನ್ನು ಉಬ್ಬಿಸುವಷ್ಟು, ಕೆಲವೊಮ್ಮೆ ಸೀಳುವಷ್ಟು ತುಂಬಿಕೊಳ್ಳುತ್ತವೆ.

ಮೇಲೆ ನೆಟ್ಟಗೆ ನಿಂತಿರುವ ಕೋಲುಗಳನ್ನು ನಾವು ಕಾಂಡ ಅಂದುಕೊಳ್ಳುತ್ತೇವೆ. ಅವು ಕಾಂಡ ಅಲ್ಲ. ಒಂದೊಂದು ಕೋಲೂ ಒಂದೊಂದು ಇಡೀ ಎಲೆ. ನಾವು ಎಲೆ ಅಂದುಕೊಳ್ಳುವುದು ಆ ದೊಡ್ಡ ಎಲೆಯ ಒಂದು ಭಾಗ, ಒಂದು ಕಿರುಎಲೆ. ಸುವರ್ಣಗಡ್ಡೆ ಬೆಳೆದವರಿಗೆ ಇದು ಹೊಸ ವಿಷಯವೇನಲ್ಲ. ಅಲ್ಲೂ ಮಚ್ಚೆಮಚ್ಚೆಯ ದಪ್ಪ ಕಂಬ ಕಾಂಡದ ಹಾಗೆ ಕಾಣುತ್ತದೆ, ನಿಜಕ್ಕೂ ಅದು ಒಂದೇ ಎಲೆಯ ತೊಟ್ಟು. ಕಾಂಡ ಎರಡರಲ್ಲೂ ಮಣ್ಣಿನೊಳಗೇ ಇದೆ.

ಝಡ್‌ಝಡ್‌ನ ಒಂದು ಎಲೆ ಸಾಮಾನ್ಯವಾಗಿ 40ರಿಂದ 60 ಸೆಂ.ಮೀ. ಉದ್ದ. ಅದರಲ್ಲಿ 6ರಿಂದ 8 ಜೋಡಿ ಕಿರುಎಲೆಗಳು. ಒಂದೊಂದು ಕಿರುಎಲೆ 7ರಿಂದ 15 ಸೆಂ.ಮೀ. ಉದ್ದ, ದಪ್ಪ, ನಯ, ಮೇಲೆ ಮೇಣದ ಹೊಳಪು. ಕುಂಡದಲ್ಲಿ ಚೆನ್ನಾಗಿ ಬೆಳೆದರೆ ಎಲೆ ಇನ್ನೂ ಎತ್ತರಕ್ಕೆ ಹೋಗುತ್ತದೆ. ತೊಟ್ಟು ಬುಡದಲ್ಲಿ ಊದಿಕೊಂಡಿರುತ್ತದೆ, ಮೇಲೆ ಹೋದಂತೆ ಸಪೂರವಾಗುತ್ತದೆ. ಎಳೆಯ ಎಲೆ ಬರುವಾಗ ಕಿರುಎಲೆಗಳೆಲ್ಲ ಒತ್ತೊತ್ತಾಗಿ ಮುಚ್ಚಿಕೊಂಡು ಮೊನಚಾದ ಮೊಳಕೆಯಂತೆ ಮಣ್ಣಿನಿಂದ ಏಳುತ್ತದೆ. ಆಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಆಗ ತಿಳಿ ಹಸಿರು, ನಂತರ ಕಡುಹಸಿರು.

ಆ ಊದಿದ ತೊಟ್ಟನ್ನು ಅಡ್ಡ ಕತ್ತರಿಸಿದರೆ ನೀರು ಜಿನುಗುತ್ತದೆ. ಅಳೆದವರ ಲೆಕ್ಕದಲ್ಲಿ ಕಿರುಎಲೆಗಳಲ್ಲಿ ಶೇ. 91, ತೊಟ್ಟಿನಲ್ಲಿ ಶೇ. 95ರಷ್ಟು ನೀರೇ. ಒಂದು ಎಲೆ ಕನಿಷ್ಠ 6 ತಿಂಗಳು ಬಾಳುತ್ತದೆ. ಮನೆಯೊಳಗಿನ ಮಂದ ಬೆಳಕಿನಲ್ಲಿ 4 ತಿಂಗಳು ನೀರಿಲ್ಲದೆ ಈ ಗಿಡ ಉಳಿಯುತ್ತದೆ ಅಂತ ಅಲಂಕಾರ ಗಿಡಗಳ ಮೇಲೆ ಕೆಲಸ ಮಾಡಿದ ತಜ್ಞರು ದಾಖಲಿಸಿದ್ದಾರೆ.

ಈಗ ಪಕ್ಕದ ಮನೆಯ ಕುಂಡದ ಪ್ರಶ್ನೆಗೆ ಉತ್ತರ ಸಿಕ್ಕಿತು, ಅಲ್ವಾ? ನೀರು ಮೂರು ಕಡೆ ಕೂಡಿದೆ. ಗಡ್ಡೆಯಲ್ಲಿ, ತೊಟ್ಟಿನಲ್ಲಿ, ಕಿರುಎಲೆಯಲ್ಲಿ. ಬೇರು ಸತ್ತರೂ ಮೇಲಿನ ಎಲೆಗೆ ತನ್ನದೇ ದಾಸ್ತಾನು ಇದೆ. ಬೇರೆ ಗಿಡಗಳಲ್ಲಿ ಬೇರು ಕೆಟ್ಟ ಕೂಡಲೇ ಎಲೆ ಬಾಡಿ ಸುದ್ದಿ ಕೊಡುತ್ತದೆ. ಇಲ್ಲಿ ಎಲೆ ಸುದ್ದಿ ಕೊಡುವುದು ಕೊನೆಗೆ. ಎಲೆ ಹಳದಿಯಾಗುವ ಹೊತ್ತಿಗೆ ಕೆಳಗೆ ಕೊಳೆ ಶುರುವಾಗಿ ಬಹಳ ದಿನ ಆಗಿರುತ್ತದೆ. ನಾವು ಹಳದಿ ನೋಡಿ ಬಾಯಾರಿಕೆ ಅಂದುಕೊಳ್ಳುತ್ತೇವೆ, ಇನ್ನಷ್ಟು ನೀರು ಹಾಕುತ್ತೇವೆ. ಬೇರಿಗೆ ಉಳಿದಿದ್ದ ಚೂರುಪಾರು ಗಾಳಿಯೂ ಹೋಗುತ್ತದೆ. ಉಸಿರುಗಟ್ಟಿ ಸತ್ತ ಬೇರಿನ ಮೂಲಕ ಕೊಳೆರೋಗದ ಶಿಲೀಂಧ್ರಗಳು ಗಡ್ಡೆಗೆ ಇಳಿಯುತ್ತವೆ. ಮಂದ ಬೆಳಕು ಇದಕ್ಕೆ ಇನ್ನೊಂದು ಕಾರಣ. ಬೆಳಕು ಕಡಿಮೆಯಾದರೆ ಗಿಡದ ಬೆಳವಣಿಗೆ ಕಡಿಮೆ, ನೀರಿನ ಬಳಕೆಯೂ ಕಡಿಮೆ. ಹಾಕಿದ ನೀರು ಹಾಗೇ ನಿಲ್ಲುತ್ತದೆ.

ಆದ್ದರಿಂದ ಈ ಗಿಡದ ಆರೋಗ್ಯ ನೋಡಬೇಕಾದ ಜಾಗ ಎಲೆಯಲ್ಲ, ತೊಟ್ಟಿನ ಬುಡ. ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು. ಮೆತ್ತಗಾಗಿ ಬಣ್ಣ ಕಂದಾಗಿದ್ದರೆ ಕೊಳೆ. ಸುಕ್ಕುಗಟ್ಟಿ ಸೊರಗಿದ್ದರೆ ನಿಜವಾದ ಬಾಯಾರಿಕೆ. ಎರಡಕ್ಕೂ ಎಲೆ ಹಳದಿಯಾಗುತ್ತದೆ, ಬುಡ ಮಾತ್ರ ಬೇರೆಬೇರೆ ಕತೆ ಹೇಳುತ್ತದೆ.

ರಾತ್ರಿ ಉಸಿರಾಡುವ ಎಲೆ

ನೀರು ಕೂಡಿಡುವುದು ಒಂದು. ಕೂಡಿಟ್ಟದ್ದನ್ನು ಖರ್ಚಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಈ ಗಿಡದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಸಾಮಾನ್ಯ ಗಿಡಗಳು ಹಗಲು ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ. ಹಗಲು ಬಿಸಿ ಜಾಸ್ತಿ. ತೆರೆದ ರಂಧ್ರದಿಂದ ನೀರೂ ಆವಿಯಾಗಿ ಹೋಗುತ್ತದೆ. ಕಳ್ಳಿ, ಅನಾನಸ್, ಕತ್ತಾಳೆಯಂಥ ಗಿಡಗಳು ಇದನ್ನು ತಿರುಗಿಸಿವೆ. ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಗಾಳಿ ಹಿಡಿದು, ಅದನ್ನು ಮ್ಯಾಲಿಕ್ ಆಮ್ಲವಾಗಿ ಜೀವಕೋಶದಲ್ಲಿ ಇಟ್ಟುಕೊಳ್ಳುತ್ತವೆ. ಹಗಲು ರಂಧ್ರ ಮುಚ್ಚಿಕೊಂಡು, ಆ ಆಮ್ಲದಿಂದ ಇಂಗಾಲ ಬಿಡಿಸಿ, ಬಿಸಿಲಿನ ಬಲದಿಂದ ಆಹಾರ ಮಾಡುತ್ತವೆ. ಇದಕ್ಕೆ ಕ್ಯಾಮ್ ವಿಧಾನ ಅನ್ನುತ್ತಾರೆ. ಈ ವಿಧಾನ ಇರುವ ಗಿಡದ ಎಲೆ ಬೆಳಗ್ಗೆ ಹುಳಿ, ಸಂಜೆ ಸಪ್ಪೆ.

ಕೆಸುವಿನ ಕುಟುಂಬದಲ್ಲಿ ಇಂಥದ್ದು ಇದೆ ಅಂತ ಯಾರೂ ತೋರಿಸಿರಲಿಲ್ಲ. ಈ ಕುಟುಂಬದಲ್ಲಿ ಮರದ ಮೇಲೆ ಬೆಳೆಯುವ ಜಾತಿಗಳು ಬಹಳ ಇವೆ, ಮರದ ಮೇಲೆ ನೀರಿನ ಕೊರತೆ ಸಾಮಾನ್ಯ, ಆದರೂ ಅವುಗಳಲ್ಲಿ ಕ್ಯಾಮ್ ಕಂಡಿರಲಿಲ್ಲ. 2007ರಲ್ಲಿ ಹಾಲ್ಟಮ್, ವಿಂಟರ್ ಮತ್ತು ಅವರ ಸಂಗಡಿಗರು ಝಡ್‌ಝಡ್ ಗಿಡದ ಮೇಲೆ ಮಾಡಿದ ಅಳತೆಗಳನ್ನು ಅಮೆರಿಕನ್ ಜರ್ನಲ್ ಆಫ್ ಬಾಟನಿಯಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಹೀಗೆ. ನೀರು ಚೆನ್ನಾಗಿ ಸಿಗುವ ಗಿಡದಲ್ಲಿ ರಾತ್ರಿಯ ಗಳಿಕೆ ದಿನದ ಒಟ್ಟು ಇಂಗಾಲದ ಗಳಿಕೆಯಲ್ಲಿ ಶೇ. 1ಕ್ಕಿಂತ ಕಡಿಮೆ. ಅಂದರೆ ಆಗ ಅದು ಹೆಚ್ಚುಕಡಿಮೆ ಮಾಮೂಲಿ ಗಿಡ. 10 ದಿನ ನೀರಿನ ಕೊರತೆಯಲ್ಲಿ ಇಟ್ಟಾಗ ಹಗಲಿನ ಗಳಿಕೆ ಶೇ. 94ರಷ್ಟು ಕುಸಿಯಿತು. ರಾತ್ರಿಯ ಗಳಿಕೆ ಏಳೂವರೆ ಪಟ್ಟು ಏರಿತು. ದಿನದ ಒಟ್ಟು ಗಳಿಕೆಯಲ್ಲಿ ರಾತ್ರಿಯ ಪಾಲು ಶೇ. 19 ಆಯಿತು. ಮತ್ತೆ ನೀರು ಕೊಟ್ಟಾಗ ರಾತ್ರಿಯ ಗಳಿಕೆ ಮೊದಲಿನ ಮಟ್ಟಕ್ಕೆ ಇಳಿಯಿತು.

ಈ ಅಂಕಿಗಳನ್ನು ಸರಿಯಾಗಿ ಓದಿಕೊಳ್ಳಬೇಕು. ರಾತ್ರಿ ಹಿಡಿದ ಇಂಗಾಲದಿಂದ ಗಿಡ ಸೊಂಪಾಗಿ ಬೆಳೆಯುತ್ತದೆ ಅಂತ ಅಲ್ಲ. ಒಟ್ಟು ಗಳಿಕೆ ಬಹಳ ಇಳಿದಿದೆ. ಬೆಳೆಯುವುದು ನಿಲ್ಲುತ್ತದೆ, ಆದರೆ ಉಪವಾಸ ಬೀಳುವುದಿಲ್ಲ. ಮಳೆ ಬರುವವರೆಗೆ ಜೀವ ಹಿಡಿದುಕೊಳ್ಳಲು ಸಾಕಾಗುವಷ್ಟು ಆದಾಯ ಬರುತ್ತಿರುತ್ತದೆ. ತವರಿನ ಒಣಗಾಲದಲ್ಲಿ ನೀರಿನ ನಷ್ಟ ತಗ್ಗಿಸಿ ಬದುಕಲು ಇದು ನೆರವಾಗುತ್ತದೆ ಅಂತ ಆ ಸಂಶೋಧಕರೂ ಹೇಳಿದ್ದಾರೆ.

ಒಣಗು ಇನ್ನೂ ಮುಂದುವರಿದರೆ ಗಿಡ ಕಿರುಎಲೆಗಳನ್ನು ಉದುರಿಸುತ್ತದೆ. ನೀರು ಹೋಗುವ ಮೈ ಕಡಿಮೆಯಾಗುತ್ತದೆ. ನೀರು ತುಂಬಿದ ತೊಟ್ಟಿನ ಬುಡ ಮತ್ತು ಗಡ್ಡೆ ಉಳಿಯುತ್ತವೆ.

ಉದುರಿದ ಕಿರುಎಲೆ ಏನು ಮಾಡುತ್ತದೆ

ಉದುರಿದ ಕಿರುಎಲೆ ಸಾಯುವುದಿಲ್ಲ. ಇದು ಗಿಡಗಳ ಲೋಕದಲ್ಲೇ ಅಪರೂಪ. ನೆಲಕ್ಕೆ ಬಿದ್ದ ಕಿರುಎಲೆಯ ಬುಡದಲ್ಲಿ ಮೊದಲು ಒಂದು ಸಣ್ಣ ಗಂಟು ಊದುತ್ತದೆ. ಗಂಟು ಪುಟ್ಟ ಗಡ್ಡೆಯಾಗುತ್ತದೆ. ಅದರಿಂದ ಬೇರು ಇಳಿಯುತ್ತದೆ. ಹೊಸ ಎಲೆ ಬರುವುದು ಎಲ್ಲಕ್ಕಿಂತ ಕೊನೆಗೆ. ಅಲ್ಲಿವರೆಗೆ ಹಳೆಯ ಕಿರುಎಲೆ ಹಸಿರಾಗಿದ್ದುಕೊಂಡು ಆಹಾರ ಒದಗಿಸುತ್ತದೆ. ಆಮೇಲೆ ನಿಧಾನವಾಗಿ ಒಣಗುತ್ತದೆ.

ಕ್ರಮ ಗಮನಿಸಿ. ಬಹಳ ಗಿಡಗಳ ತುಂಡುಗಳು ಮೊದಲು ಚಿಗುರುತ್ತವೆ ಅಥವಾ ಬೇರು ಬಿಡುತ್ತವೆ. ಇದು ಮೊದಲು ಉಗ್ರಾಣ ಕಟ್ಟುತ್ತದೆ. ಒಣ ನೆಲದಲ್ಲಿ ಬಿದ್ದ ತುಂಡಿಗೆ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಹೊಳೆಯುವುದಿಲ್ಲ. ನಮ್ಮ ಮರಕೆಸುವೂ ಬೀಜವನ್ನು ನೆಚ್ಚದೆ, ಕೊಕ್ಕೆಗಳಿರುವ ಪುಟ್ಟ ಗಡ್ಡೆಗಳನ್ನು ಬಿಟ್ಟು ಹರಡುತ್ತದೆ. ಆದರೆ ಅದಕ್ಕೆ ಅಂಥ ಗಡ್ಡೆ ಬೆಳೆಸಲು ಬೇರೆ ಕವಲೇ ಬೇಕು. ಝಡ್‌ಝಡ್‌ನಲ್ಲಿ ಮಾಮೂಲಿ ಎಲೆಯೇ ಆ ಕೆಲಸವನ್ನೂ ಮಾಡುತ್ತದೆ.

ಪಕ್ಕದ ಮನೆಯ ಗಿಡವನ್ನು ನಾವು ಉಳಿಸಿಕೊಂಡದ್ದೂ ಈ ಗುಣದಿಂದಲೇ. ಕೊಳೆತ ಗಡ್ಡೆಗಳನ್ನು ಚಾಕುವಿನಿಂದ ಕತ್ತರಿಸಿ ತೆಗೆದೆವು, ಬಿಳಿ ತಿರುಳು ಕಾಣುವವರೆಗೆ. ಗಟ್ಟಿ ಗಡ್ಡೆಗಳನ್ನು ಗಾಯ ಒಣಗುವವರೆಗೆ ನೆರಳಿನಲ್ಲಿ ಹಾಗೇ ಬಿಟ್ಟೆವು. ನೀರು ಮುಟ್ಟಿಸಲಿಲ್ಲ. ಆಮೇಲೆ ತೂತಿರುವ ಮಣ್ಣಿನ ಕುಂಡ, ಕೆಂಪುಮಣ್ಣು, ದಪ್ಪ ಮರಳು, ಸ್ವಲ್ಪ ಇದ್ದಿಲು ಚೂರು. ಗಡ್ಡೆಯ ತಲೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಟ್ಟೆವು. ಬಾಗಿ ಬಿದ್ದ ಕೋಲಿನ ಹಸಿರು ಕಿರುಎಲೆಗಳನ್ನು ಬಿಡಿಸಿ, ಬುಡ ಒಂದಿಷ್ಟು ಒಳಗೆ ಹೋಗುವಂತೆ ಮರಳು ತುಂಬಿದ ತಟ್ಟೆಯಲ್ಲಿ ಊರಿದೆವು.

"ಇವಕ್ಕೂ ದಿನಾ ನೀರು ಬೇಡ್ವಾ?"

"ಬೇಡ ಆಂಟಿ. ಮಣ್ಣು ಒಳಗಿನ ತನಕ ಒಣಗ್ಲಿ, ಆಮೇಲೆ ಹಾಕಿ. ಹಾಕಿದಾಗ ಪೂರ್ತಿ ಹಾಕಿ, ಕೆಳಗಿಂದ ನೀರು ಹೊರಗೆ ಬರೋ ಹಾಗೆ."

ಕುಂಡ ಈಗ ವರಾಂಡದಲ್ಲಿದೆ. ಬೆಳಕು ಇದೆ, ನೇರ ಬಿಸಿಲಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಆಮೇಲೆ ಹಳೆಯ ಗಡ್ಡೆಯಿಂದ ಮೊಳಕೆ ಎದ್ದಿತು. ಮರಳಿನಲ್ಲಿ ಊರಿದ್ದ ಕಿರುಎಲೆಗಳಲ್ಲಿ ಕೆಲವು ಕೊಳೆತವು. ಉಳಿದವನ್ನು ಮೆಲ್ಲಗೆ ಎತ್ತಿ ನೋಡಿದರೆ ಬುಡದಲ್ಲಿ ಗಂಟು ಕಟ್ಟಿತ್ತು, ಮೇಲೆ ಮಾತ್ರ ಏನೂ ಬದಲಾಗಿರಲಿಲ್ಲ. ಇಂಥ ಸಮಯದಲ್ಲೇ ಜನ ಬೇಜಾರಾಗಿ ಎಸೆಯುವುದು. ಎಸೆಯಬೇಡಿ. ಕೆಲಸ ಕೆಳಗೆ ನಡೆಯುತ್ತಿರುತ್ತದೆ.

ಕುಟುಂಬದ ಗುರುತು

ಈ ಗಿಡ ಕೆಸುವಿನ ನೆಂಟ ಅಂತ ಹೇಗೆ ಗೊತ್ತು? ಎಲೆ ನೋಡಿದರೆ ಯಾರೂ ಹೇಳಲಾರರು. ಹೂವು ನೋಡಬೇಕು. ಮನೆಯೊಳಗಿನ ಗಿಡ ಹೂ ಬಿಡುವುದು ಅಪರೂಪ, ಬಿಟ್ಟರೂ ಕಣ್ಣಿಗೆ ಬೀಳುವುದಿಲ್ಲ. ಯಾಕೆಂದರೆ ಹೂವು ಬರುವುದು ತೊಟ್ಟುಗಳ ಬುಡದಲ್ಲಿ, ಮಣ್ಣಿಗೆ ಹತ್ತಿರ.

ಚಿಕ್ಕ ತೊಟ್ಟಿನ ಮೇಲೆ 5ರಿಂದ 7 ಸೆಂ.ಮೀ. ಉದ್ದದ ದಪ್ಪ ಹೂದಂಡು. ಹಳದಿಯಿಂದ ಕಂದು ಬಣ್ಣದವರೆಗೆ. ಅದನ್ನು ಸುತ್ತಿದ ಒಂದು ಹಸಿರು ಹಾಳೆ. ಹೂ ಅರಳುವಾಗ ಹಾಳೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ದಂಡಿನ ತುಂಬ ಒತ್ತಾಗಿ ಸಣ್ಣ ಹೂಗಳು. ಕೆಳಗೆ ಹೆಣ್ಣು ಹೂಗಳು, ಮೇಲೆ ಗಂಡು ಹೂಗಳು, ನಡುವೆ ಬಂಜೆ ಹೂಗಳ ಪಟ್ಟಿ. ದಂಡು ಮತ್ತು ಹಾಳೆ, ಈ ಜೋಡಿಯೇ ಕೆಸುವಿನ ಕುಟುಂಬದ ಗುರುತು. ಕೆಸುವಿನಲ್ಲೂ ಇದೆ, ಸುವರ್ಣಗಡ್ಡೆಯಲ್ಲೂ ಇದೆ, ಹೂಗುಚ್ಛದ ಅಂಗಡಿಯ ಆಂಥೂರಿಯಂನಲ್ಲೂ ಇದೆ. ಕಾಯಿ ಕಟ್ಟಿದರೆ ಬಿಳಿ ಹಣ್ಣು, ಒಳಗೆ ಒಂದೋ ಎರಡೋ ಬೀಜ.

ಇನ್ನೊಂದು ಸೂಕ್ಷ್ಮ ಇದೆ. ಕೆಸುವಿನಲ್ಲೂ ಸುವರ್ಣಗಡ್ಡೆಯಲ್ಲೂ ಗಂಡು ಹೂ ಹೆಣ್ಣು ಹೂ ಬೇರೆಬೇರೆ, ಆದರೆ ಅವಕ್ಕೆ ದಳದಂಥ ಯಾವ ಹೊದಿಕೆಯೂ ಇಲ್ಲ. ಝಡ್‌ಝಡ್‌ನಲ್ಲಿ ಗಂಡು ಹೆಣ್ಣು ಬೇರೆಯಾಗಿದ್ದರೂ ಪ್ರತಿ ಪುಟ್ಟ ಹೂವಿಗೂ 4 ದಳಗಳ ಹೊದಿಕೆ ಇದೆ. ಈ ಎರಡು ಗುಣ ಒಟ್ಟಿಗೆ ಬರುವುದು ಕುಟುಂಬದಲ್ಲಿ ಬಹಳ ಕಡಿಮೆ.

ಮೂರು ಹೆಸರು

ಈ ಗಿಡವನ್ನು ಗುರುತಿಸುವ ಕೆಲಸ ಒಂದೇ ಸಲಕ್ಕೆ ಮುಗಿಯಲಿಲ್ಲ. ಲಂಡನ್ನಿನ ಹ್ಯಾಕ್ನಿಯಲ್ಲಿ ಲಾಡಿಜಸ್ ಕುಟುಂಬದ ದೊಡ್ಡ ನರ್ಸರಿ ಇತ್ತು. ದೂರದೇಶದ ಗಿಡಗಳನ್ನು ತರಿಸಿ ಬಿಸಿ ಗಾಜಿನಮನೆಗಳಲ್ಲಿ ಬೆಳೆಸುತ್ತಿದ್ದರು, ಚಿತ್ರಸಮೇತ ಪ್ರಕಟಿಸುತ್ತಿದ್ದರು. 1829ರಲ್ಲಿ ಅವರು ಇದನ್ನು ಕಲಾಡಿಯಂ ಜಾಮಿಫೋಲಿಯಂ ಅಂತ ಹೆಸರಿಸಿದರು. ಕಲಾಡಿಯಂ ಅಂದರೆ ನಮ್ಮ ತೋಟಗಳಲ್ಲಿ ಬಣ್ಣಬಣ್ಣದ ಎಲೆಗಾಗಿ ಬೆಳೆಸುವ ಅಮೆರಿಕದ ಕೆಸು. ಜಾಮಿಯಾ ಅನ್ನುವುದು ಅಮೆರಿಕದ್ದೇ ಇನ್ನೊಂದು ಗಿಡ, ಸೈಕಾಸ್‌ನ ನೆಂಟ. ಅದರ ಎಲೆಯನ್ನು ಇದು ಹೋಲುತ್ತದೆ. ಹೂವಿನಿಂದ ಕೆಸು ಅಂತ ಕಂಡಿದೆ, ಎಲೆಯಿಂದ ಜಾಮಿಯಾ ನೆನಪಾಗಿದೆ.

ವಿಯೆನ್ನಾದ ಹೈನ್‌ರಿಚ್ ವಿಲ್‌ಹೆಲ್ಮ್ ಶಾಟ್ ತನ್ನ ಬದುಕಿನ ಬಹುಭಾಗವನ್ನು ಕೆಸುವಿನ ಕುಟುಂಬಕ್ಕೇ ಕೊಟ್ಟವನು. ಷೋನ್‌ಬ್ರುನ್‌ನ ರಾಜೋದ್ಯಾನದ ಹೊಣೆ ಅವನದಾಗಿತ್ತು. ಈ ಗಿಡ ಕಲಾಡಿಯಂ ಕುಲಕ್ಕೆ ಸೇರದು ಅಂತ ಅವನಿಗೆ ಕಂಡಿತು. 1856ರಲ್ಲಿ ಜಾಮಿಯೋಕಲ್ಕಸ್ ಅನ್ನುವ ಹೊಸ ಕುಲ ಮಾಡಿ, ಜಾತಿಗೆ ಲಾಡಿಜಸಿ ಅಂತ ಹೆಸರಿಟ್ಟ. ಕುಲದ ವಿಷಯದಲ್ಲಿ ಅವನು ಸರಿ. ಆದರೆ ಹಳೆಯ ಜಾತಿಯ ಹೆಸರನ್ನು ಬಿಡುವಂತಿಲ್ಲ ಅನ್ನುವುದು ನಿಯಮ. 1905ರಲ್ಲಿ ಬರ್ಲಿನ್ನಿನ ಅಡಾಲ್ಫ್ ಎಂಗ್ಲರ್ ಶಾಟ್‌ನ ಕುಲವನ್ನೂ ಲಾಡಿಜಸ್‌ನ ಜಾತಿಯನ್ನೂ ಸೇರಿಸಿ ಇವತ್ತಿನ ಹೆಸರು ಕೊಟ್ಟ. ಈ ಕುಲದಲ್ಲಿ ಇವತ್ತಿಗೂ ಇದೊಂದೇ ಜಾತಿ.

ಹೆಸರು ಸಿಕ್ಕ ಮೇಲೂ ಗಿಡ ಸಸ್ಯೋದ್ಯಾನಗಳ ಆಚೆ ಹೆಚ್ಚು ಹೋಗಲಿಲ್ಲ. 1996ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ನರ್ಸರಿಗಳು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಶುರುಮಾಡಿದವು. ನಮ್ಮ ಮನೆಗಳಿಗೆ ಬಂದದ್ದು ಆ ಅಲೆಯ ನಂತರ.

ಭಯ ಮತ್ತು ಹೊಗಳಿಕೆ

ಪಕ್ಕದ ಮನೆಗೆ ಬಂದವರೊಬ್ಬರು ಈ ಗಿಡ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ, ವಾಟ್ಸಾಪ್‌ನಲ್ಲಿ ಬಂದಿದೆ ಅಂದರು. ಈ ಮಾತಿಗೆ ಆಧಾರವಿಲ್ಲ. ಗಿಡದಲ್ಲಿ ಇರುವುದು ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದಲ್ಲ, ಅದೇ ಹರಳು. ಪತ್ರೊಡೆಗೆ ಹುಣಸೆಹುಳಿ ಧಾರಾಳ ಹಾಕುವುದು ಆ ತುರಿಕೆ ತಗ್ಗಿಸಲು. ಝಡ್‌ಝಡ್ ತಿನ್ನುವ ಗಿಡ ಅಲ್ಲ. ಕಚ್ಚಿದರೆ ಬಾಯಿ ಉರಿಯುತ್ತದೆ, ರಸ ಚರ್ಮಕ್ಕೆ ತಾಗಿದರೆ ಕೆಲವರಿಗೆ ಕೆರೆತ. ಕತ್ತರಿಸಿದ ಮೇಲೆ ಕೈ ತೊಳೆಯಬೇಕು. ತೆವಳುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಎತ್ತರಕ್ಕೆ ಇಡಬೇಕು. ಅಷ್ಟು ಸಾಕು. ತಾಂಜಾನಿಯದ ಪೂರ್ವ ಉಸಂಬರಾ ಬೆಟ್ಟಗಳಲ್ಲಿ ಜನ ಇದರ ಎಲೆಯ ರಸವನ್ನು ಕಿವಿನೋವಿಗೆ ಬಳಸುತ್ತಾರೆ. ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದವರು 2015ರಲ್ಲಿ ಎಲೆಯ ಸಾರವನ್ನು ಉಪ್ಪುನೀರಿನ ಸಣ್ಣ ಸಿಗಡಿಗಳ ಮೇಲೆ ಪರೀಕ್ಷಿಸಿದಾಗ, ಒಂದು ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದರೂ ಅವು ಸಾಯಲಿಲ್ಲ. ಇದನ್ನು ನಾನು ಔಷಧ ಅಂತ ಹೇಳುತ್ತಿಲ್ಲ. ನೀವು ಕಿವಿಗೆ ಹಾಕಬೇಡಿ.

ಗಾಳಿ ಶುದ್ಧ ಮಾಡುತ್ತದೆ ಅನ್ನುವ ಹೊಗಳಿಕೆಯೂ ಅಷ್ಟೇ ದೊಡ್ಡದು. ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟು ಪರೀಕ್ಷಿಸಿದಾಗ ಗಿಡ ಬೆಂಜೀನ್‌ನಂಥ ಆವಿಗಳನ್ನು ತೆಗೆದದ್ದು ನಿಜ. ಮನೆ ಮುಚ್ಚಿದ ಪೆಟ್ಟಿಗೆ ಅಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು 2019ರಲ್ಲಿ ಇಂಥ ಹಳೆಯ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದರು. ಕಟ್ಟಡಕ್ಕೆ ಬಂದುಹೋಗುವ ಮಾಮೂಲಿ ಗಾಳಿಯ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ಬಂತು. ಕಿಟಕಿ ತೆರೆಯುವುದೇ ಸುಲಭ.

ಒಂದೇ ಒಣಗಾಲ, ಬೇರೆ ಉತ್ತರ

ಇಷ್ಟೆಲ್ಲ ನೋಡಿದ ಮೇಲೆ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಗಿಡದ ಹತ್ತಿರದ ನೆಂಟ, ಗೊನಾಟೋಪಸ್ ಕುಲ. ಅದರಲ್ಲಿ 5 ಜಾತಿಗಳು. ಅವೂ ಪೂರ್ವ ಮತ್ತು ದಕ್ಷಿಣ ಆಫ್ರಿಕಾದವೇ. ಹೂವಿನಲ್ಲಿ ಅದೇ ಲಕ್ಷಣ, ಗಂಡು ಹೆಣ್ಣು ಬೇರೆ, ಆದರೂ ದಳದ ಹೊದಿಕೆ ಇದೆ. ಪರಾಗದ ಗೋಡೆಯ ರಚನೆಯನ್ನು ನೋಡಿ 2005ರಲ್ಲಿ ಈ ಎರಡು ಕುಲಗಳನ್ನೂ, ಸ್ಟೈಲೋಕೀಟನ್ ಅನ್ನುವ ಇನ್ನೊಂದು ಆಫ್ರಿಕನ್ ಕುಲವನ್ನೂ ಕುಟುಂಬದೊಳಗೆ ಪ್ರತ್ಯೇಕ ಗುಂಪಾಗಿ ಬೇರ್ಪಡಿಸುವ ಸಲಹೆಯೂ ಬಂತು.

ಒಂದೇ ಸೀಮೆ, ಒಂದೇ ರೀತಿಯ ಮಳೆ. ಆದರೆ ಗೊನಾಟೋಪಸ್ ಒಣಗಾಲಕ್ಕೆ ಕೊಡುವ ಉತ್ತರ ನಮ್ಮ ಸುವರ್ಣಗಡ್ಡೆಯದು. ಮಳೆ ನಿಂತ ಮೇಲೆ ಅದರ ಎಲೆ ಒಣಗಿ ಬೀಳುತ್ತದೆ. ಗಡ್ಡೆ ಮಣ್ಣಿನೊಳಗೆ ಮಲಗುತ್ತದೆ. ಮತ್ತೆ ಮಳೆ ಬಂದಾಗ ಹೊಸ ಎಲೆ. ಪ್ರತಿ ಸಲವೂ ಎಲೆಯನ್ನು ಮೊದಲಿನಿಂದ ಕಟ್ಟಬೇಕು, ಅದಕ್ಕೇ ಅದರ ಎಲೆ ತೆಳು. ಝಡ್‌ಝಡ್ ಎಲೆಯನ್ನು ಆದಷ್ಟು ದಿನ ಬಿಡದೆ ಹಿಡಿದುಕೊಳ್ಳುತ್ತದೆ, ಅದಕ್ಕೇ ಅದು ದಪ್ಪ, ನೀರು ತುಂಬಿದ್ದು, ಬೇಕಾದಾಗ ರಾತ್ರಿ ಗಾಳಿ ಹಿಡಿಯಬಲ್ಲದ್ದು. ಗೊನಾಟೋಪಸ್‌ನಲ್ಲೂ, ಬೋವಿನಿ ಅನ್ನುವ ಜಾತಿಯಲ್ಲಿ, ಉದುರಿದ ಕಿರುಎಲೆ ಗಡ್ಡೆ ಕಟ್ಟಿ ಹೊಸ ಗಿಡವಾಗುತ್ತದೆ. ಆದ್ದರಿಂದ ಕಿರುಎಲೆಯಿಂದ ಹುಟ್ಟುವ ಗುಣ ಇಬ್ಬರಿಗೂ ಒಂದೇ ಹಿರಿಯರಿಂದ ಬಂದಿರಬೇಕು, ನೀರು ಹೊತ್ತು ನಿಲ್ಲುವ ಎಲೆ ಮಾತ್ರ ಝಡ್‌ಝಡ್ ಆಮೇಲೆ ತಾನೇ ಗಳಿಸಿಕೊಂಡದ್ದು ಅಂತ ನನಗನ್ನಿಸುತ್ತದೆ.